ಹಳದಿ ಬೋರ್ಡಿನ ತಿರುವು

ಅಮೆರಿಕದ ಹೆದ್ದಾರಿಗಳಲ್ಲಿ ವೇಗ ಹೇಳುವ ಬೋರ್ಡುಗಳು ಎರಡು ಬಣ್ಣದವು. ಬಿಳಿಯದರಲ್ಲಿ ಬರೆದದ್ದು ಕಾನೂನು, ಮೀರಿದರೆ ಪೊಲೀಸರು ಹಿಂದೆ ಬರುತ್ತಾರೆ. ಹಳದಿಯದರಲ್ಲಿ ಬರೆದದ್ದು ಬರೀ ಬುದ್ಧಿವಾದ. ಮುಂದೆ ತಿರುವಿದೆ, ಇಷ್ಟು ನಿಧಾನಕ್ಕೆ ಹೋದರೆ ನಿಮಗೇ ಒಳ್ಳೆಯದು ಅನ್ನುತ್ತದೆ, ಅಷ್ಟೇ. ಕೇಳುವುದೂ ಬಿಡುವುದೂ ನಮಗೆ ಸೇರಿದ್ದು. ನಿಮ್ಮಮ್ಮನ ಮಾತೆಲ್ಲ ಹಳದಿ ಬೋರ್ಡು ಎಂದು ನಾನು ಗಂಡನನ್ನು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು. ಆ ಬೋರ್ಡುಗಳನ್ನು ಕಂಡೂ ಕಾಣದ ಹಾಗೆ ದಾಟುತ್ತಲೇ ಬೆಳೆದ ಮಗ ಅವರು.

ನಾನು ಮೈಸೂರಿನವಳು. ಮೈಸೂರಿನವರು ನಿಧಾನ ಎನ್ನುವ ಮಾತು ನನ್ನನ್ನು ನೋಡಿ ಹುಟ್ಟಿದ್ದಲ್ಲ. ಲಾಸ್ ಏಂಜಲಿಸ್ ಪಕ್ಕದ ಟೊರೆನ್ಸಿನ ಒಂದು ಕಂಪನಿಯಲ್ಲಿ ವಿಮಾನದ ಬಿಡಿಭಾಗಗಳ ಡಿಸೈನ್ ನೋಡುವ ಎಂಜಿನಿಯರ್ ನಾನು. ಫ್ರೀವೇ ಹತ್ತಿದರೆ, ಇಲ್ಲಿ ಅವಸರದವರಿಗೆಂದೇ ಇರುವ ಎಡಗಡೆಯ ಲೇನ್ ಬಿಟ್ಟು ಕದಲುವವಳಲ್ಲ. ನನಗೆ ನಿಜವಾಗಿ ಸಿಟ್ಟು ತರಿಸುತ್ತಿದ್ದದ್ದು ನಂಬರ್ ಇದ್ದೂ ಗಲ್ಲಿಯ ಹಾಗೆ ನಡೆದುಕೊಳ್ಳುವ ಹೆದ್ದಾರಿಗಳು. ನಮ್ಮ ಮನೆಯ ಹತ್ತಿರವೇ ಒಂದನೇ ನಂಬರಿನ ಹೆದ್ದಾರಿ ಹೋಗುತ್ತದೆ. ಕ್ಯಾಲೆಂಡರಿನ ಚಿತ್ರಗಳಲ್ಲಿ ಅದು ಸಮುದ್ರದ ಪಕ್ಕ ಹಾರಿಕೊಂಡು ಹೋಗುವ ರಸ್ತೆ, ನಮ್ಮಲ್ಲಿ ಟೈರ್ ಅಂಗಡಿ, ಡೋನಟ್ ಅಂಗಡಿ, ಸಿಗ್ನಲ್ಲುಗಳ ನಡುವೆ ತೆವಳುವ ರಸ್ತೆ. ಹೆದ್ದಾರಿ ಅಂತ ಹೆಸರಿಟ್ಟುಕೊಂಡು ಎತ್ತಿನಗಾಡಿಯ ವೇಗ ಯಾಕೆ ಎಂದು ದಿನವೂ ಗೊಣಗುತ್ತಿದ್ದೆ.

ಅತ್ತೆ ಧಾರವಾಡದವರು. ಎರಡು ಸಾವಿರದ ಇಪ್ಪತ್ತರಲ್ಲಿ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದರು. ಬಂದ ಸ್ವಲ್ಪ ದಿನಕ್ಕೇ ವಿಮಾನಗಳು ನಿಂತವು. ವಿಮಾನ ಹಾರತೊಡಗಿದ ಮೇಲೆ ಕಾಯಿಲೆಯ ಹೆದರಿಕೆ. ಹಾಗೆ ಹೀಗೆ ವರ್ಷಗಳೇ ಉಳಿದರು. ಟೊರೆನ್ಸಿನ ನಮ್ಮ ಬೀದಿಯಲ್ಲಿ ಹಗಲು ಹೊತ್ತು ಮನುಷ್ಯರು ಕಾಣುವುದಿಲ್ಲ. ಅತ್ತೆ ಹಿತ್ತಲಿನ ನಿಂಬೆಗಿಡದ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, "ಈ ಊರಾಗ ದೆವ್ವಕ್ಕೂ ಬ್ಯಾಸರ ಬರತದ ನೋಡವಾ" ಅನ್ನುತ್ತಿದ್ದರು. ನನಗೆ ಪಾಪ ಅನ್ನಿಸುತ್ತಿತ್ತು. ಆದ್ದರಿಂದ ಮಗಳು ಸ್ಯಾನ್ ಡಿಯಾಗೋದಲ್ಲಿ ಓದಲು ಸೇರಿದ ಮೇಲೆ, ಅವಳನ್ನು ನೋಡಲು ಹೋಗುವಾಗಲೆಲ್ಲ ಅತ್ತೆಯನ್ನೂ ಕರೆದುಕೊಂಡು ಹೋಗತೊಡಗಿದೆ. ಗಂಡ ಶನಿವಾರ ಸೋಫಾ ಬಿಟ್ಟು ಏಳುವ ಪೈಕಿ ಅಲ್ಲ.

ಮಗಳ ಅಪಾರ್ಟ್‌ಮೆಂಟ್ ಅಲ್ಲಿನ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ. ಅವಳ ಸಂಶೋಧನೆ ಓಕ್ ಮರದ ಸಸಿಗಳ ಮೇಲೆ. ಸಸಿಗಳನ್ನು ನೆಟ್ಟದ್ದು ಮಾತ್ರ ದೂರದ ಬೆಟ್ಟದಲ್ಲಿ, ಎಪ್ಪತ್ತೆಂಟನೇ ಹೆದ್ದಾರಿಯ ಆಚೆ. ಎರಡು ವಾರಕ್ಕೊಮ್ಮೆ ಹೋಗಿ ಅಳತೆ ತೆಗೆಯಬೇಕು. ಲಾಸ್ ಏಂಜಲಿಸಿನಲ್ಲಿ ಹುಟ್ಟಿ ಬೆಳೆದೂ ಡ್ರೈವಿಂಗ್ ಕಲಿಯದ ಒಬ್ಬಳೇ ಹುಡುಗಿ ನನ್ನ ಮಗಳಿರಬೇಕು. ಕಾರು ಎಂದರೆ ಅವಳಿಗೆ ಹೆದರಿಕೆ. ಹೀಗಾಗಿ ಡ್ರೈವರ್ ಕೆಲಸ ನನ್ನದು, ಹಿಂದಿನ ಸೀಟಿನಲ್ಲಿ ಮಗಳು, ಪಕ್ಕದಲ್ಲಿ ಅವಲಕ್ಕಿ ಡಬ್ಬಿ ಹಿಡಿದುಕೊಂಡ ಅತ್ತೆ.

ಎಪ್ಪತ್ತೆಂಟು ಮೊದಲು ಒಂದು ಸಣ್ಣ ಊರಿನ ಪೇಟೆಬೀದಿಯೇ ಆಗಿ ಹೋಗುತ್ತದೆ. ಊರು ಮುಗಿದದ್ದೇ ಬಿಳಿ ಬೋರ್ಡು ಗಂಟೆಗೆ ಐವತ್ತೈದು ಮೈಲಿ ಅನ್ನುತ್ತದೆ, ನನ್ನ ಕಾಲೂ ಪೆಡಲ್ ಮೇಲೆ ಹಗುರಾಗುವುದಿಲ್ಲ. ಆಮೇಲೆ ಬೆಟ್ಟ, ಒಣಹುಲ್ಲು, ದೊಡ್ಡ ಬಂಡೆಗಳು. ಒಂದು ಕಡೆ ಬಲಕ್ಕೆ ಬಳುಕಿದ ಬಾಣದ ಗುರುತು, ಅದರ ಕೆಳಗೆ ಹಳದಿ ಬೋರ್ಡು, ಇಪ್ಪತ್ತೈದು. ತಿರುವಿನ ಒಳಗೆ ಕಾರು ನಿಲ್ಲಿಸಲು ರಸ್ತೆಯಂಚಿನಲ್ಲಿ ಸ್ವಲ್ಪ ಮಣ್ಣಿನ ಜಾಗ ಬಿಟ್ಟಿದ್ದಾರೆ. ಆ ಜಾಗದ ತುದಿಯಲ್ಲಿ ಒಂದು ಬಿಳಿಯ ಶಿಲುಬೆ, ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ.

ಮೊದಲ ಸಲ ಅದನ್ನು ದಾಟುವಾಗ ಅತ್ತೆ ನನ್ನ ತೋಳು ಹಿಡಿದುಕೊಂಡರು.

"ನಿಂದರಸು ತಂಗಿ. ಇಲ್ಲೆ ಒಬ್ಬಾಕಿ ಅದಾಳ."

ಯಾರೋ ಅಡ್ಡ ಬಂದರೆಂದೇ ತಿಳಿದು ಬ್ರೇಕ್ ಒತ್ತಿ ಮಣ್ಣಿಗೆ ಇಳಿಸಿದೆ. ಯಾರೂ ಇರಲಿಲ್ಲ. ಅತ್ತೆ ಆಗಲೇ ಬಾಗಿಲು ತೆಗೆದು ಶಿಲುಬೆಯ ಕಡೆ ನಡೆಯುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಹಾರದ ಕೆಳಗೆ ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಹುಡುಗಿಯ ಫೋಟೋ. ಬಿಸಿಲಿಗೆ ಮುಖವೆಲ್ಲ ಬಿಳಿಚಿಹೋಗಿ ಕೂದಲು ಮತ್ತು ಗಲ್ಲ ಮಾತ್ರ ಉಳಿದಿದ್ದವು. ಅತ್ತೆಗೆ ಒಬ್ಬಾಕಿ ಎಂದು ಓಡುವ ಕಾರಿನಿಂದ ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ.

"ಅತ್ತೆ, ಇದು ದೇವರಲ್ಲ. ಇಲ್ಲಿ ಯಾರೋ ಆಕ್ಸಿಡೆಂಟಲ್ಲಿ ಹೋಗಿದಾರೆ, ಮನೆಯವರು ನೆನಪಿಗೆ ಇಟ್ಟಿದಾರೆ" ಎಂದೆ.

"ನನಗ ಅಷ್ಟು ತಿಳಿಯೂದಿಲ್ಲೇನು? ದಾರ್ಯಾಗ ಸತ್ತವರು ದಾರಿ ಹಿಡಕೊಂಡು ಕೂಡತಾರ. ಅವರಿಗೆ ಹೇಳಿ ಮುಂದ ಹೋಗಬೇಕು. ಹಂಗ ದಾಟಬಾರದು."

ಅವರ ತವರು ಕಾರವಾರದ ಕಡೆ. ಧಾರವಾಡದಿಂದ ಬಸ್ಸಿನಲ್ಲಿ ಘಟ್ಟ ಇಳಿಯುವಾಗ ಕೆಟ್ಟ ತಿರುವಿನಲ್ಲೊಂದು ಕಲ್ಲು, ಕಲ್ಲಿಗೆ ಕುಂಕುಮ. ಎಂಥ ಒರಟು ಡ್ರೈವರಾದರೂ ಅಲ್ಲಿ ಬಸ್ಸು ನಿಧಾನ ಮಾಡಿ, ಒಂದು ಸಲ ಹಾರ್ನ್ ಹೊಡೆದು, ಕೈ ಹಣೆಗೆ ಮುಟ್ಟಿಸಿಯೇ ಮುಂದೆ ಹೋಗುತ್ತಿದ್ದನಂತೆ. ಎರಡು ವಾರದ ನಂತರ ನಾವು ಮತ್ತೆ ಹೊರಟಾಗ ಅತ್ತೆಯ ಚೀಲದಲ್ಲಿ ನಮ್ಮ ಹಿತ್ತಲಿನ ನಿಂಬೆಹಣ್ಣು, ಕುಂಕುಮದ ಭರಣಿ ಎರಡೂ ಇದ್ದವು. ಶಿಲುಬೆಯ ಬುಡದಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಅದಕ್ಕೆ ಕುಂಕುಮ ಹಚ್ಚಿ ಮೇಲೆ ನಿಂಬೆಹಣ್ಣು ಇಟ್ಟರು. ಕಾರಿಗೆ ಬಂದು, "ಒಮ್ಮೆ ಹಾರ್ನ್ ಹೊಡಿ" ಎಂದರು. ಮಗಳು ಹಿಂದಿನಿಂದ "ಓ ಮೈ ಗಾಡ್, ಅಜ್ಜಿ" ಎಂದು ಮುಖ ಮುಚ್ಚಿಕೊಂಡಳು. ನಾನು ಹಾರ್ನ್ ಹೊಡೆದೆ. ಹೊಡೆಯದಿದ್ದರೆ ಸಂಜೆಯವರೆಗೂ ಕೇಳಬೇಕಿತ್ತು.

ಮುಂದಿನ ಸಲ ಹೋದಾಗ ನಿಂಬೆಹಣ್ಣು ಇರಲಿಲ್ಲ. ಇಲಿಯೋ ಅಳಿಲೋ ಒಯ್ದಿರಬೇಕು ಅಂದುಕೊಂಡೆ. ಆದರೆ ಕಲ್ಲಿನ ಮೇಲಿನ ಕುಂಕುಮವೂ ಇರಲಿಲ್ಲ. ಮಳೆ ಬಂದಿರಲಿಲ್ಲ. ಕಲ್ಲನ್ನು ಯಾರೋ ತಿಕ್ಕಿ ತೊಳೆದಿದ್ದರು, ಸಂದುಗಳಲ್ಲೂ ಒಂದು ಕೆಂಪು ಕಣ ಉಳಿದಿರಲಿಲ್ಲ. ಅತ್ತೆ ಏನೂ ಆಗದವರಂತೆ ಮತ್ತೆ ಹಚ್ಚಿದರು. ಅದರ ಮುಂದಿನ ಸಲ ಕಲ್ಲನ್ನೇ ಬೋರಲು ಹಾಕಲಾಗಿತ್ತು. ಅತ್ತೆ ಅದನ್ನು ಎತ್ತಿ ಸರಿಮಾಡಿ, "ಸಿಟ್ಟಿನ್ಯಾಗ ಅದಾಳ ಪಾಪ" ಎಂದರು. ಸತ್ತವಳ ಸಿಟ್ಟಿಗಿಂತ ಬದುಕಿರುವವರು ಯಾರೋ ನಮ್ಮ ಬರುವಿಕೆಯನ್ನು ಗಮನಿಸುತ್ತಿದ್ದಾರೆ ಅನ್ನುವುದು ನನಗೆ ಹೆಚ್ಚು ಭಯ ಹುಟ್ಟಿಸಿತು. ಇಲ್ಲಿನ ಜನರ ಮನೆಗಳಲ್ಲಿ ಬಂದೂಕುಗಳಿರುತ್ತವೆ. ಇನ್ನು ಸಾಕು ಅತ್ತೆ ಎಂದೆ. ಅವರು ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ.

ಚಳಿಗಾಲ ಬಂತು. ಆ ಬೆಟ್ಟಗಳ ಮೇಲೆ ಕೆಲವು ದಿನ ಮೋಡವೇ ಇಳಿದು ಕೂರುತ್ತದೆ. ಬೆಳಗ್ಗೆ ಹತ್ತು ಗಂಟೆಗೂ ಹೆಡ್‌ಲೈಟ್ ಹಾಕಿಕೊಂಡು ಹೋಗಬೇಕು. ಅಂಥದೊಂದು ಶನಿವಾರ ತಿರುವಿಗೆ ಇನ್ನೂ ದೂರವಿರುವಾಗಲೇ ನನ್ನ ಮುಂದೆ ಒಂದು ಹಳೆಯ ಬಿಳಿ ಪಿಕಪ್ ಟ್ರಕ್ ಕಂಡಿತು. ಇಪ್ಪತ್ತೈದರಲ್ಲಿ ಹೋಗುತ್ತಿತ್ತು. ಬ್ರೇಕ್ ದೀಪ ಹತ್ತುತ್ತಿರಲಿಲ್ಲ, ವೇಗ ಒಂದಿಷ್ಟೂ ಏರುತ್ತಿರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ನನ್ನ ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ನಾನೂ ಒಂದೆರಡು ಸಲ ಹೊಡೆದೆ. ಟ್ರಕ್ಕಿನ ಒಳಗೆ ತಲೆಯೊಂದು ಕಾಣುತ್ತಿತ್ತು, ಅದು ಕದಲಲಿಲ್ಲ.

ತಿರುವು ಮುಗಿದ ಮೇಲೆ ಆ ಟ್ರಕ್ ಪಕ್ಕಕ್ಕೆ ಸರಿಯಿತು. ನಾವೆಲ್ಲ ದಾಟಿದೆವು. ಕನ್ನಡಿಯಲ್ಲಿ ನೋಡಿದರೆ ಅದು ಹಿಂದಕ್ಕೆ ತಿರುಗಿ ಮಂಜಿನೊಳಗೆ ಇಳಿಯುತ್ತಿತ್ತು. ಆವತ್ತು ಮಂಜಿನಲ್ಲಿ ನಿಲ್ಲಿಸುವುದು ಅಪಾಯವೆಂದು ಹೇಳಿ ಅತ್ತೆಯನ್ನು ಇಳಿಯಗೊಡಲಿಲ್ಲ. ಮಧ್ಯಾಹ್ನ ಅಳತೆ ಮುಗಿಸಿ ವಾಪಸ್ಸು ಬರುವಾಗಲೂ ಅದೇ ಟ್ರಕ್ ಎದುರಿನಿಂದ ಬಂತು, ಅದೇ ವೇಗ, ಹಿಂದೆ ಅದೇ ರೀತಿ ಕಾರುಗಳ ಸಾಲು.

"ಮಾಮ್, ಇಟ್ಸ್ ದ ಸೇಮ್ ಟ್ರಕ್" ಎಂದಳು ಮಗಳು. ಅವಳ ದನಿ ಸಣ್ಣಗಾಗಿತ್ತು.

"ಹೋದ ಪುಟ್ಟ ಬಂದ ಪುಟ್ಟ" ಎಂದು ತಮಾಷೆ ಮಾಡಲು ನೋಡಿದೆ. ಯಾರೂ ನಗಲಿಲ್ಲ, ನನಗೂ ನಗು ಬರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಯಾರು ಹೀಗೆ ಒಂದೇ ತಿರುವಿನಲ್ಲಿ ಹತ್ತಿ ಇಳಿಯುತ್ತಾರೆ?

ಮುಂದಿನ ಸಲ ಮಂಜು ತೆಳುವಾಗಿತ್ತು. ತಿರುವಿಗೆ ಬಂದಾಗ ಟ್ರಕ್ ಆ ಮಣ್ಣಿನ ಜಾಗದಲ್ಲೇ ನಿಂತಿತ್ತು. ಶಿಲುಬೆಯ ಪಕ್ಕ ಒಬ್ಬ ಹೆಂಗಸು ನಿಂತು ಫೋನನ್ನು ನಮ್ಮ ಕಾರಿನ ನಂಬರಿಗೆ ಹಿಡಿದಿದ್ದಳು. ನಾನು ನಿಲ್ಲಿಸದೆ ಹೋಗಿಬಿಡಬೇಕೆಂದೇ ಇದ್ದೆ. ಅತ್ತೆ ಬಾಗಿಲಿನ ಹಿಡಿಗೆ ಕೈ ಹಾಕಿಬಿಟ್ಟಿದ್ದರು, ನಿಲ್ಲಿಸದೆ ವಿಧಿಯಿರಲಿಲ್ಲ.

ನನ್ನದೇ ವಯಸ್ಸಿನ ಹೆಂಗಸು. ಬೂದುಗೂದಲು, ಗಂಡಸರ ದಪ್ಪ ಜಾಕೆಟ್ಟು. ಅತ್ತೆಯ ಚೀಲದಿಂದ ನಿಂಬೆಹಣ್ಣು ಹೊರಬಂದದ್ದನ್ನು ನೋಡಿ ಅವಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ನೀವೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಅವಳ ಮೇಲೆ ಕಾರು ಹತ್ತಿಸಿದ್ದು ನೀವೇನಾ?"

ಅಲ್ಲ, ನಾವಲ್ಲ ಎಂದು ತಲೆಯಾಡಿಸಿದೆ. ಮಗಳು ಕಾರಿನಿಂದ ಇಳಿದು ನನ್ನ ಪಕ್ಕಕ್ಕೆ ಬಂದು ನಿಂತಳು. ಆ ಹೆಂಗಸು ನನ್ನ ಮಗಳನ್ನು ನೋಡಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ಫೋನ್ ಕೆಳಗಿಳಿಸಿ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತಳು. ಅಲ್ಲಿಂದಲೇ ಒಂದೊಂದಾಗಿ ಹೇಳಿದಳು.

ಫೋಟೋದಲ್ಲಿದ್ದದ್ದು ಅವಳ ಮಗಳು. ಇಂಥದೇ ಮಂಜಿನ ಬೆಳಗ್ಗೆ ಹುಡುಗಿಯ ಕಾರಿನ ಟೈರ್ ಪಂಕ್ಚರ್ ಆಗಿ, ಈ ಮಣ್ಣಿನ ಜಾಗದಲ್ಲಿ ನಿಲ್ಲಿಸಿ, ಇಳಿದು ಟೈರ್ ನೋಡುತ್ತಿದ್ದಾಗ ತಿರುವಿನಿಂದ ಜೋರಾಗಿ ಬಂದ ವಾಹನವೊಂದು ಹೊಡೆದುಕೊಂಡು ಹೋಯಿತು. ನಿಲ್ಲಲಿಲ್ಲ. ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಮಿತಿ ಇಳಿಸಿ, ಹಳದಿ ಬೋರ್ಡು ಸಾಲದು, ಬಿಳಿ ಬೋರ್ಡು ಹಾಕಿ ಎಂದು ತಾಯಿ ರಸ್ತೆ ಇಲಾಖೆಯ ಬಾಗಿಲು ಬಡಿದಳು. ಜನ ಎಷ್ಟು ವೇಗದಲ್ಲಿ ಹೋಗುತ್ತಾರೆಂದು ಅಳೆದು ನೋಡಿ, ಹೆಚ್ಚಿನವರು ಓಡಿಸುವ ವೇಗದ ಆಧಾರದ ಮೇಲೆ ಮಿತಿ ಹಾಕುವುದು ಇಲ್ಲಿನ ಪದ್ಧತಿ ಎಂದು ಅವರು ತಿಳಿಸಿದರು. ಇಲ್ಲಿ ಎಲ್ಲರೂ ವೇಗವಾಗಿಯೇ ಹೋಗುತ್ತಾರೆ, ಏನು ಮಾಡುವುದು ಎಂದರು.

"ಅದಕ್ಕೇ ನಾನು ನಿಧಾನವಾಗಿ ಹೋಗ್ತೀನಿ" ಎಂದಳು. "ಬಿಡುವಿದ್ದ ದಿನವೆಲ್ಲ ಹತ್ತಿ ಇಳೀತೀನಿ. ನನ್ನ ಹಿಂದೆ ಇರೋರೂ ನಿಧಾನ ಮಾಡಲೇಬೇಕು. ಇಲಾಖೆಯವರು ಯಾವತ್ತು ಅಳೀತಾರೋ ನನಗೆ ಗೊತ್ತಿಲ್ಲ, ಅಳೆದ ದಿನ ಇಲ್ಲಿ ವೇಗ ಕಡಿಮೆ ಇರಬೇಕು."

ಆ ಪದ್ಧತಿ ನನಗೆ ಮೊದಲೇ ಗೊತ್ತಿತ್ತು. ಎಂಜಿನಿಯರ್ ಆಗಿ ನನಗೆ ಅದು ಬುದ್ಧಿವಂತಿಕೆಯದ್ದೇ ಅನ್ನಿಸಿತ್ತು ಕೂಡ. ಅವಳ ಟ್ರಕ್ಕಿನಿಂದ ಆ ಲೆಕ್ಕ ಬದಲಾಗುವುದು ಅನುಮಾನ ಎಂದು ನಾಲಿಗೆಯ ತುದಿಗೆ ಬಂದಿತ್ತು.

ಕೆಂಪು ಪುಡಿಯ ವಿಷಯ ಆಮೇಲೆ ಬಂತು. ಮೊದಲ ಸಲ ಕಲ್ಲಿನ ಮೇಲೆ ಅದನ್ನು ನೋಡಿ ರಕ್ತವೆಂದೇ ತಿಳಿದಿದ್ದಳು. ಗೇಲಿ ಮಾಡುತ್ತಿದ್ದಾರೆಂದು ಸಿಟ್ಟಿನಿಂದ ತಿಕ್ಕಿ ತೊಳೆದಳು, ಕಲ್ಲು ಬೋರಲು ಹಾಕಿದಳು. ಮತ್ತೆ ಮತ್ತೆ ಬಂದದ್ದನ್ನು ನೋಡಿದಾಗ ಬೇರೆ ಯೋಚನೆ ಬಂತು. ಕೊಂದವನೇ ಬರುತ್ತಿದ್ದಾನೆ, ಅವನಿಗೆ ನಿದ್ದೆ ಬರುತ್ತಿಲ್ಲ, ಏನೋ ಹೇಳಲು ನೋಡುತ್ತಿದ್ದಾನೆ. ಶನಿವಾರಗಳಂದು ಅವಳು ಕಾಯತೊಡಗಿದ್ದು ಅದಕ್ಕೆ.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. "ಏನಂತಾಳ?" ಎಂದರು. ಹೇಳಿದೆ. ಅವರು ಆ ಹೆಂಗಸಿನ ಮುಂದೆ ಮಣ್ಣಿನಲ್ಲೇ ಕೂತು ಅವಳ ಎರಡೂ ಕೈ ಹಿಡಿದುಕೊಂಡರು.

"ನಿನ್ನ ಮಗಳು ಈ ದಾರಿ ಕಾಯತಾಳಂತ ತಿಳಕೊಂಡು ಇಟ್ಟೆ ಅಂತ ಹೇಳು ಆಕಿಗೆ. ನಮ್ಮ ಹುಡುಗಿ ಎರಡು ವಾರಕ್ಕೊಮ್ಮೆ ಈ ದಾರ್ಯಾಗ ಹೋಗತದ, ಕಾಯವಾ ಅಂತ ಕೇಳಿಕೊಂಡೆ ಅಂತ ಹೇಳು."

ಮಗಳನ್ನು ಕಳೆದುಕೊಂಡವಳಿಗೆ, ನಿನ್ನ ಮಗಳ ಹತ್ತಿರ ನಮ್ಮ ಮಗಳನ್ನು ಕಾಪಾಡೆಂದು ಬೇಡಿಕೊಂಡೆವು ಎಂದು ಹೇಗೆ ಹೇಳುವುದು? ನನಗೆ ನಾಚಿಕೆಯಾಯಿತು. ಆದರೂ ಅಕ್ಷರ ಬಿಡದೆ ಹೇಳಿದೆ. ಅವಳು ಅತ್ತೆಯ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲಿಲ್ಲ. ಅಳಲೂ ಇಲ್ಲ. ನನ್ನ ಕಡೆ ತಿರುಗಿದಳು.

"ಕ್ಷಮಿಸಿ" ಎಂದಳು. "ಆದರೆ ಅದು ನೀವೇ ಆಗಿದ್ದರೆ ಚೆನ್ನಾಗಿತ್ತು."

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾವು ನಿರಪರಾಧಿಗಳು ಎಂಬುದೇ ಅವಳಿಗೆ ಆದ ನಷ್ಟ. ಒಬ್ಬ ಮನುಷ್ಯ ಪಶ್ಚಾತ್ತಾಪಪಡುತ್ತಿದ್ದಾನೆ ಎಂಬ ಒಂದೇ ಆಸೆಯನ್ನು ನಮ್ಮ ನಿಂಬೆಹಣ್ಣು ಕೊಟ್ಟಿತ್ತು, ನಾವೇ ಬಂದು ಕಿತ್ತುಕೊಂಡೆವು.

ಅವಳು ನಿಂಬೆಹಣ್ಣು ಇಡುವುದನ್ನು ಬೇಡ ಅನ್ನಲಿಲ್ಲ. ಅತ್ತೆ ಇರುವಷ್ಟು ಕಾಲ ಇಟ್ಟರು, ಅವಳೂ ತೊಳೆಯುವುದನ್ನು ಬಿಟ್ಟಳು. ನಾನು ಮಾತ್ರ ಬೇರೆಯದೇ ಹರಕೆ ಹೊತ್ತೆ. ಆ ಹೆದ್ದಾರಿಯ ತಿರುವಿನಲ್ಲಿ ಇಪ್ಪತ್ತೈದು ದಾಟಲಿಲ್ಲ. ಹಿಂದಿನವರು ಬೆಳಕು ಮಿಣುಕಿಸಿದರು, ಬೈದರು, ಒಬ್ಬ ನಡುಬೆರಳನ್ನೂ ಎತ್ತಿ ತೋರಿಸಿದ. ಮೊದಲಾಗಿದ್ದರೆ ನಾನೇ ಆ ಹಿಂದಿನ ಕಾರಿನಲ್ಲಿರುತ್ತಿದ್ದೆ. "ಈಗ ನೋಡು, ನಮ್ಮ ಘಟ್ಟದ ಡ್ರೈವರ್ ಆದಿ" ಎಂದು ಅತ್ತೆ ಮೆಚ್ಚಿಕೊಂಡರು. ಅವರಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಆಮೇಲೆ ಅತ್ತೆ ಧಾರವಾಡಕ್ಕೆ ಹಿಂತಿರುಗಿದರು. ನಿಂಬೆಹಣ್ಣು ಒಯ್ಯುವುದು ತಾನಾಗಿ ನಿಂತಿತು. ನನಗೆ ಆ ನಂಬಿಕೆ ಇರಲಿಲ್ಲ, ಇಟ್ಟರೆ ನಾಟಕವಾಗುತ್ತದೆ ಅನ್ನಿಸಿತು. ಹಾರ್ನ್ ಮಾತ್ರ ಹೊಡೆಯುತ್ತಿದ್ದೆ. ಬಿಳಿ ಬೋರ್ಡು ಬದಲಾಗಲಿಲ್ಲ.

ಕಳೆದ ಚಳಿಗಾಲದ ಒಂದು ಬೆಳಗ್ಗೆ, ಸಹಪಾಠಿಗಳ ಜೊತೆ ಬೆಟ್ಟದಲ್ಲಿ ಉಳಿದಿದ್ದ ಮಗಳನ್ನು ಕರೆತರಲು ಒಬ್ಬಳೇ ಹೋಗುತ್ತಿದ್ದೆ. ಮಂಜು ರಸ್ತೆಯ ಮೇಲೆ ಹರಿದಾಡುತ್ತಿತ್ತು. ಮಣ್ಣಿನ ಜಾಗದಲ್ಲಿ ಟ್ರಕ್ ನಿಂತಿತ್ತು, ಆಕೆ ಶಿಲುಬೆಯ ಮುಂದೆ ಮೊಣಕಾಲೂರಿದ್ದಳು. ನನ್ನನ್ನು ಕಂಡು ಜೋರಾಗಿ ಕೈ ಬೀಸಿದಳು. ಇಳಿದು ಹೋದೆ.

ಚಪ್ಪಟೆ ಕಲ್ಲಿನ ಮೇಲೆ ಒಂದು ನಿಂಬೆಹಣ್ಣು. ಅದರ ಕೆಳಗೆ ಕೆಂಪು ಪುಡಿ, ಅತ್ತೆ ಹಚ್ಚುತ್ತಿದ್ದ ಜಾಗದಲ್ಲೇ.

"ನಿಮ್ಮ ಅತ್ತೆ ಬಂದಿದಾರಾ?" ಎಂದಳು.

"ಇಲ್ಲ. ನಾನೂ ಇಟ್ಟಿಲ್ಲ. ನೀವು?"

ಅವಳು ತಲೆ ಅಲ್ಲಾಡಿಸಿದಳು. ನಾನು ಬಗ್ಗಿ ನೋಡಿದೆ. ನಮ್ಮ ಹಿತ್ತಲಿನ ಹಣ್ಣು ದುಂಡಗಿರುತ್ತದೆ, ಇದು ಉದ್ದನೆಯದು, ಅಂಗಡಿಯವರು ಅಂಟಿಸುವ ಪುಟ್ಟ ಸ್ಟಿಕರ್ ಇನ್ನೂ ಅದರ ಮೇಲಿತ್ತು. ಪುಡಿಯನ್ನು ಬೆರಳಿಗೆ ಒತ್ತಿ ಮೂಸಿದೆ. ಸೀನು ಬಂತು. ಕುಂಕುಮವಲ್ಲ, ಖಾರದ ಪುಡಿ. ಕುಂಕುಮವೆಂದರೆ ಏನೆಂದು ತಿಳಿಯದ ಯಾರೋ, ನಾವು ಇಟ್ಟದ್ದನ್ನು ಹಿಂದೆಂದೋ ನೋಡಿದ್ದ ಯಾರೋ, ಅಡುಗೆಮನೆಯಲ್ಲಿ ಸಿಕ್ಕ ಕೆಂಪನ್ನು ತಂದು ಹಚ್ಚಿದ್ದರು. ನಮ್ಮ ಸುತ್ತ ಮಂಜು ಬಿಟ್ಟರೆ ಏನೂ ಇರಲಿಲ್ಲ. ಆದರೂ ಬಂಡೆಗಳ ಕಡೆ ತಿರುಗಿ ನೋಡದೆ ಇರಲಾಗಲಿಲ್ಲ.

"ದಾರಿಯಲ್ಲಿ ಹೋಗೋ ಯಾರಾದರೂ ಆಗಿರಬಹುದು" ಎಂದೆ. "ಒಳ್ಳೆ ಮನಸ್ಸಿಂದ ಇಟ್ಟಿರಬಹುದು."

"ಇರಬಹುದು" ಎಂದಳು. ಅವಳ ಕಣ್ಣು ನಿಂಬೆಹಣ್ಣಿನಿಂದ ಕದಲಲಿಲ್ಲ. "ಆದರೆ ಇದನ್ನಿಡಬೇಕಾದರೆ ಅವನು ಇಲ್ಲಿ ನಿಲ್ಲಿಸಿರಬೇಕು. ಈ ಸಲ ನಿಲ್ಲಿಸಿದಾನೆ."

ಧಾರವಾಡಕ್ಕೆ ಫೋನ್ ಮಾಡಿ ಅತ್ತೆಗೆ ಹೇಳಿದೆ. "ಒರಸಬ್ಯಾಡ ಅಂತ ಹೇಳು ಆಕಿಗೆ. ಮತ್ತ ಬರತಾನ" ಎಂದರು. ನಾನು ಹೇಳುವ ಅಗತ್ಯವಿರಲಿಲ್ಲ. ಅವಳು ಅದನ್ನು ಮುಟ್ಟಿಯೂ ಇರಲಿಲ್ಲ.

ಈಗ ಆ ಬಿಳಿ ಟ್ರಕ್ ಹತ್ತಿ ಇಳಿಯುವುದಿಲ್ಲ. ಮಣ್ಣಿನ ಜಾಗದಲ್ಲಿ ರಸ್ತೆಗೆ ಮುಖ ಮಾಡಿ ನಿಂತಿರುತ್ತದೆ. ಮಂಜಿನಲ್ಲಿ ಅದನ್ನು ಕಂಡವರು ಪೊಲೀಸರೆಂದೋ ಏನೋ ಹೆದರಿ ತಾವಾಗಿ ನಿಧಾನ ಮಾಡುತ್ತಾರೆ, ಹಳದಿ ಬೋರ್ಡಿನ ಇಪ್ಪತ್ತೈದಕ್ಕಿಂತಲೂ ಕಡಿಮೆ. ಹಾಗೆ ನಿಧಾನವಾದ ಪ್ರತಿಯೊಂದು ಕಾರಿನೊಳಕ್ಕೂ ಆಕೆ ಬಗ್ಗಿ, ಓಡಿಸುವವರ ಮುಖ ನೋಡುತ್ತಾಳೆ. ನಾನು ಹೋದಾಗ ನನ್ನ ಮುಖವನ್ನೂ ಮೊದಲು ಹಾಗೆಯೇ ನೋಡುತ್ತಾಳೆ. ಗುರುತು ಸಿಕ್ಕಿದ ಮೇಲೆ ಕೈ ಎತ್ತುತ್ತಾಳೆ.